ಹೆಣೆದ ಶೂ: ಒಣ ರಸ್ತೆಗೆ ಸೈ, ಮಳೆಗಾಲಕ್ಕೆ ಬೇಡ

ಕಂಪನಿಯ ಹೆಸರು ಬಿಡಿ. ಇದು ಓಟದ ಶೂ, ಮೇಲ್ಭಾಗ ಪೂರ್ತಿ ನೂಲಿನಿಂದ ಹೆಣೆದದ್ದು (ನಿಟ್), ಅಡಿಯಲ್ಲಿ ಇವಿಎ ಎಂಬ ಹಗುರ ಫೋಮ್, ಬೆಲೆ ಐದು ಸಾವಿರದೊಳಗೆ. ಈ ಬೆಲೆಯ ನಿಟ್ ಶೂಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ, ಹಾಗಾಗಿ ನಾನು ಹೇಳುವುದು ಬೇರೆಯವಕ್ಕೂ ಬಹುಪಾಲು ಅನ್ವಯಿಸುತ್ತದೆ. ಓಡುವುದು ಮೈಸೂರಿನಲ್ಲಿ. ವಾರದ ದಿನಗಳಲ್ಲಿ ಕುಕ್ಕರಹಳ್ಳಿ ಕೆರೆಯ ಮಣ್ಣಿನ ದಾರಿ, ಭಾನುವಾರ ಚಾಮುಂಡಿ ಬೆಟ್ಟದ ಡಾಂಬರು ರಸ್ತೆ. ಇದೇ ಜೋಡಿಯಲ್ಲಿ ವರ್ಷದ ಮೇಲಾಯಿತು.

ಹಗುರ ಅನ್ನುವುದು ನಿಜ. ಮನೆಯ ತಕ್ಕಡಿಯಲ್ಲಿ ಒಂದು ಕಾಲಿನದು 240 ಗ್ರಾಂ ಆಸುಪಾಸು ಬಂತು. ಹಳೆಯದು 300 ದಾಟುತ್ತಿತ್ತು. ಮೊದಲ ಕಿಲೋಮೀಟರಿನಲ್ಲಿ ಇದೇನೂ ಗೊತ್ತಾಗುವುದಿಲ್ಲ, ಕಾಲು ಸೋತ ಮೇಲೆ ಗೊತ್ತಾಗುತ್ತದೆ. ಒಳಗೆ ಹೊಲಿಗೆಯ ಏಣು ಇಲ್ಲದ್ದರಿಂದ ಕಿರುಬೆರಳಿನ ಪಕ್ಕದ ಬೊಬ್ಬೆ ನಿಂತೇಹೋಯಿತು. 2012ರಲ್ಲಿ ನೈಕಿ ಫ್ಲೈನಿಟ್ ಎಂಬ ಹೆಣೆದ ಶೂ ತಂದಾಗ, ಅದೇ ವರ್ಷ ಅಡಿಡಾಸ್ ಪ್ರೈಮ್‌ನಿಟ್ ತಂದಾಗ, ಹೇಳಿಕೊಂಡ ಲಾಭವೂ ಇದೇ. ತುಂಡು ತುಂಡು ಕತ್ತರಿಸಿ ಹೊಲಿಯುವ ಬದಲು ಮೆಷಿನ್ನಿನಲ್ಲೇ ಹೆಣೆದರೆ ಜೋಡಣೆ ಕಡಿಮೆ, ಕತ್ತರಿಸಿ ಎಸೆಯುವುದೂ ಕಡಿಮೆ. ಬಿಗಿ ಬೇಕಾದ ಕಡೆ ದಟ್ಟವಾಗಿ, ಗಾಳಿ ಬೇಕಾದ ಕಡೆ ಸಡಿಲವಾಗಿ ಹೆಣೆಯಬಹುದು. ಮಾರ್ಚ್-ಏಪ್ರಿಲ್ ಬಿಸಿಲಿಗೆ ಇದರಷ್ಟು ಹಿತವಾದ ಶೂ ನಾನು ಹಾಕಿಲ್ಲ.

ಆದರೆ ನೂಲು ಹಿಗ್ಗುತ್ತದೆ. ಅಂಗಡಿಯಲ್ಲಿ ಕಾಲಿಗೆ ಅಂಟಿಕೊಂಡಂತಿದ್ದದ್ದು ಒಂದೆರಡು ತಿಂಗಳಲ್ಲಿ ಅಗಲಕ್ಕೆ ಸಡಿಲವಾಯಿತು. ನೇರ ಓಟಕ್ಕೆ ತೊಂದರೆಯಿಲ್ಲ. ಬೆಟ್ಟ ಇಳಿಯುವಾಗ ನೋಡಿ ಮಜಾ! ನಂದಿ ವಿಗ್ರಹದ ಕಡೆಯಿಂದ ಕೆಳಗೆ ಬರುವ ತಿರುವುಗಳಲ್ಲಿ ಪಾದ ಒಳಗೇ ಮುಂದಕ್ಕೆ ಜಾರಿ ಹೆಬ್ಬೆರಳು ಹೋಗಿ ತುದಿಗೆ ಗುದ್ದುತ್ತದೆ. ನನ್ನ ಒಂದು ಉಗುರು ಕಪ್ಪಾಗಿ ಬಿದ್ದೇಹೋಯಿತು. ಇದಕ್ಕೆ ಉಪಾಯ ಇದೆ. ಎಲ್ಲಕ್ಕಿಂತ ಮೇಲೆ, ಕಣಕಾಲಿನ ಹತ್ತಿರ, ಯಾರೂ ಬಳಸದ ಒಂದು ಜೊತೆ ತೂತು ಇರುತ್ತದಲ್ವಾ? ಲೇಸನ್ನು ಅದೇ ಬದಿಯ ಆ ತೂತಿಗೆ ಹಾಕಿ ಒಂದು ಕುಣಿಕೆ ಬಿಡಿ. ಇನ್ನೊಂದು ಬದಿಯ ಲೇಸನ್ನು ಆ ಕುಣಿಕೆಯಲ್ಲಿ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಹಿಂದಕ್ಕೆ ಕಚ್ಚಿ ಕೂರುತ್ತದೆ. ಕೆಲವು ನಿಟ್ ಶೂಗಳಲ್ಲಿ ಅಂದಕ್ಕೆಂದು ಈ ತೂತನ್ನೇ ಕೊಡುವುದಿಲ್ಲ. ಅಂಥದ್ದನ್ನು ಮುಟ್ಟಲೇಬೇಡಿ.

ಮಳೆಗಾಲದ ಕತೆ ಬೇರೆ. ಜೂನಿನಲ್ಲಿ ಒಂದು ಹೊಂಡಕ್ಕೆ ಕಾಲಿಟ್ಟರೆ ಮುಗಿಯಿತು, ನೀರು ನೇರ ಸಾಕ್ಸಿಗೆ. ನೀರು ಕುಡಿದ ನಿಟ್ ಭಾರವಾಗುತ್ತದೆ, ಹಗುರ ಅಂತ ಕೊಟ್ಟ ದುಡ್ಡು ಅಲ್ಲಿಗೆ ದಂಡ. ಕೆಂಪು ಮಣ್ಣು ನೂಲಿನೊಳಗೆ ಇಳಿದು ಬಿಳಿ ಶೂ ಕಾವಿ ಬಣ್ಣಕ್ಕೆ ತಿರುಗಿತು. ಮೆತ್ತನೆಯ ಬ್ರಷ್, ತಣ್ಣೀರು, ಸ್ವಲ್ಪ ಸೋಪು, ಒಳಗೆ ಪೇಪರ್ ತುರುಕಿ ನೆರಳಲ್ಲಿ ಒಣಗಿಸುವುದು. ಇಷ್ಟು ಮಾಡಿದರೂ ಕಲೆ ಪೂರ್ತಿ ಹೋಗಿಲ್ಲ. ಬಣ್ಣ ಆರಿಸುವಾಗ ಕಪ್ಪೋ ಬೂದಿಯೋ ನೋಡಿಕೊಳ್ಳಿ. ಮಳೆ ನಿಂತ ಮೇಲೆ ಉತ್ತರಾಣಿ ಕಾಟ. ಹಾದಿ ಬದಿಯ ಈ ಗಿಡಕ್ಕೆ ತಾಗಿದರೆ ಸಾಕು, ಬೀಜ ನೂಲಿಗೆ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಕಿತ್ತರೆ ಎಳೆಯೂ ಎದ್ದು ಬರುತ್ತದೆ. ಒಂದೊಂದಾಗಿ ಬಿಡಿಸಬೇಕು.

ಮೊದಲು ಸವೆದದ್ದು ಸೋಲ್. ತೂಕ ಇಳಿಸಲು ರಬ್ಬರನ್ನು ಹಿಮ್ಮಡಿಗೆ ಮತ್ತು ಮುಂಗಾಲಿಗೆ ಮಾತ್ರ ಅಂಟಿಸಿರುತ್ತಾರೆ, ಮಧ್ಯೆ ಬರೀ ಫೋಮ್. ಡಾಂಬರಿಗೆ ಉಜ್ಜಿ ಉಜ್ಜಿ ಹೊರಬದಿ ನುಣ್ಣಗಾಗಿದೆ. ನೆಗ್ಗಿಲ ಮುಳ್ಳು ಫೋಮಿನಲ್ಲಿ ಸಲೀಸಾಗಿ ಹೂತುಕೊಳ್ಳುತ್ತದೆ. ಆಮೇಲೆ ಹೆಬ್ಬೆರಳಿನ ಮೇಲೆ ತೂತು ಬಿತ್ತು. ಶೂ ರಿಪೇರಿಯವರು ನೋಡಿ, ‘ಇದಕ್ಕೆ ಹೊಲಿಗೆ ಹಾಕಿದ್ರೆ ಎಳೆ ಬಿಚ್ಕೊಂಡು ಹೋಗುತ್ತೆ ಸಾರ್’ ಎಂದು ಒಳಗಿನಿಂದ ರೆಕ್ಸಿನ್ ತುಂಡು ಅಂಟಿಸಿಕೊಟ್ಟರು. ಅದಿನ್ನೂ ಗಟ್ಟಿಯಾಗಿದೆ. ಅವರಿಗೇ ಐದು ಸ್ಟಾರ್ ಕೊಡಬೇಕು.

ಕೊಳ್ಳುವುದಾದರೆ ಸಂಜೆ ಹೋಗಿ, ಅಷ್ಟೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಳ್ಳಿ. ಬೆರಳ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಬೇಕು, ಆದರೆ ಅಗಲಕ್ಕೆ ಸಡಿಲವಿದ್ದರೆ ತೆಗೆದುಕೊಳ್ಳಬೇಡಿ, ಮುಂದೆ ಇನ್ನೂ ಸಡಿಲವಾಗುತ್ತದೆ. ಹಿಂಭಾಗವನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ. ಪೂರ್ತಿ ಮಡಿಸಿಕೊಂಡರೆ ಅದು ವಾಕಿಂಗ್‌ಗೆ ಸರಿ, ದಿನಾ ಓಡುವುದಕ್ಕಲ್ಲ. ಬಗ್ಗಿಸಿದರೆ ಬೆರಳ ಬುಡದಲ್ಲಿ ಬಗ್ಗಬೇಕು, ನಡುವೆ ಅಲ್ಲ. ಸೇಲ್ಸ್‌ನವರು ಮೇಲಿನ ನೂಲನ್ನೇ ಹೊಗಳುತ್ತಾರೆ. ನೀವು ಸುಮ್ನೆ ಶೂ ಮಗುಚಿ ರಬ್ಬರ್ ಎಷ್ಟಿದೆ ನೋಡಿ.

ನನ್ನ ಅಂಕ ಐದಕ್ಕೆ ಮೂರೂವರೆ. ನವೆಂಬರಿನಿಂದ ಮೇ ತನಕ ಓಡಲು ಇದೇ ಥರದ್ದು ಮತ್ತೆ ಕೊಳ್ಳುತ್ತೇನೆ, ಆಫ್ ಸೀಸನ್ ರಿಯಾಯಿತಿಯಲ್ಲಿ ಹಳೇ ಮಾಡೆಲ್ ಸಿಕ್ಕರೆ ಮಾತ್ರ. ಜೂನ್ ಬಂದರೆ ಮಾಮೂಲಿ ಮೆಶ್ (ಜಾಲರಿ ಬಟ್ಟೆಯ) ಶೂ, ರಬ್ಬರ್ ಜಾಸ್ತಿ ಇರುವಂಥದ್ದು.