ನವನಗರದ ಮನೆತನ ಕಥನ ತರಗತಿ: ಕಲಿಕೆ ಒಳ್ಳೆಯದು, ಪುಸ್ತಕದ ಸೇವೆ ಬೇಡ

ಬಾಗಲಕೋಟೆಯ ನವನಗರದಲ್ಲಿ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ತಮ್ಮ ಮನೆಯ ಮಹಡಿಯ ಮೇಲೆ ಶನಿವಾರ ಮತ್ತು ರವಿವಾರ ಒಂದು ಬರವಣಿಗೆ ತರಗತಿ ನಡೆಸುತ್ತಾರೆ. ಮನೆಯ ಹಿರಿಯರು ಹೇಳುವ ಕಥೆಗಳನ್ನು ಹೊರಗಿನವರೂ ಆಸಕ್ತಿಯಿಂದ ಓದುವಂತೆ ಬರೆಯುವುದು ಹೇಗೆ ಎಂಬುದಷ್ಟೇ ಅಲ್ಲಿಯ ವಿಷಯ. ಶುಲ್ಕ ಎರಡು ಸಾವಿರ ರೂಪಾಯಿ. ಇದರ ಜೊತೆಗೆ, ಪ್ರತ್ಯೇಕ ಹಣ ಕೊಟ್ಟರೆ, ನಾವು ಬರೆದದ್ದನ್ನು ತಿದ್ದಿಸಿ ಪುಟ್ಟ ಪುಸ್ತಕವಾಗಿ ಅಚ್ಚು ಹಾಕಿಸಿಕೊಡುವ ವ್ಯವಸ್ಥೆಯೂ ಇದೆ. ಎರಡನ್ನೂ ಪಡೆದುಕೊಂಡ ಮೇಲೆ ಹೇಳುವುದಾದರೆ, ತರಗತಿಗೆ ಕೊಟ್ಟ ಹಣ ಸಾರ್ಥಕವಾಯಿತು; ಪುಸ್ತಕದ ಸೇವೆಯನ್ನು ಮಾತ್ರ ಈಗಿರುವ ರೂಪದಲ್ಲಿ ಯಾರಿಗೂ ಶಿಫಾರಸು ಮಾಡಲಾರೆ.

ಇಂಥ ತರಗತಿಗೆ ಈ ಊರಿಗಿಂತ ತಕ್ಕ ಸ್ಥಳ ಸಿಗುವುದು ಕಷ್ಟ. ಆಲಮಟ್ಟಿ ಜಲಾಶಯದಲ್ಲಿ 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸತೊಡಗಿದಾಗ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಏರಿ ಬಂದು ಹಳೆ ಬಾಗಲಕೋಟೆಯ ತಗ್ಗಿನ ಓಣಿಗಳನ್ನು ಆವರಿಸಿತು. ಅಲ್ಲಿಂದ ಎದ್ದುಬಂದ ಕುಟುಂಬಗಳು ಸೆಕ್ಟರ್ ಸಂಖ್ಯೆಗಳಿಂದ ಗುರುತಿಸುವ ನವನಗರದಲ್ಲಿ ನೆಲೆಸಿದವು. ಹೀಗಾಗಿ ಇಲ್ಲಿ ಕಥೆಯಿಲ್ಲದ ಮನೆಯಿಲ್ಲ, ಆದರೆ ಎಲ್ಲರ ಕಥೆಯೂ ಒಂದೇ ತೆರನಾಗಿ ಕೇಳಿಸುತ್ತದೆ. ಮೊದಲ ದಿನ ನಾವೆಲ್ಲ ಬರೆದುಕೊಟ್ಟ ಪುಟಗಳಲ್ಲಿ ಹೆಸರುಗಳನ್ನು ಅದಲುಬದಲು ಮಾಡಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಧ್ಯಾಪಕರು ಅವುಗಳ ಬಗ್ಗೆ ಏನೂ ಹೇಳದೆ ಪ್ರತಿಯೊಬ್ಬರಿಗೂ ಒಂದು ಚೌಕಳಿ ಹಾಳೆ ಕೊಟ್ಟು, ಹಿರಿಯರನ್ನು ಕೇಳಿ ಹಳೆಯ ಮನೆಯ ನಕಾಶೆ ಬರೆದುಕೊಂಡು ಬರಲು ಸೂಚಿಸಿದರು: ಪಡಸಾಲೆ ಎಷ್ಟು ಅಗಲವಿತ್ತು, ದನಗಳನ್ನು ಎಲ್ಲಿ ಕಟ್ಟುತ್ತಿದ್ದರು, ಕಾಳು ತುಂಬಿಡುವ ನೆಲದೊಳಗಿನ ಹಗೇವು ಎಲ್ಲಿತ್ತು, ರಾತ್ರಿ ಯಾರು ಎಲ್ಲಿ ಮಲಗುತ್ತಿದ್ದರು.

ತರಗತಿಯ ಅತ್ಯುತ್ತಮ ಭಾಗ ಇದೇ. ನಮ್ಮ ಆಯಿ, ಅಂದರೆ ಅಜ್ಜಿ, ಹೇಳಿದಂತೆ ಗೆರೆ ಎಳೆಯುತ್ತ ಹೋದಾಗ ಒಂದೇ ಪಡಸಾಲೆಗೆ ಎರಡು ತಲಬಾಗಿಲು ಮೂಡಿದವು. ಏಕೆ ಎಂದು ಕೇಳಿದಾಗ, ಅಣ್ಣತಮ್ಮಂದಿರ ವಾಟ್ನಿಯ (ಆಸ್ತಿ ಪಾಲಿನ) ನಂತರ ನಡುವೆ ಗೋಡೆ ಹಾಕುವಷ್ಟು ದುಡ್ಡಿರಲಿಲ್ಲವೆಂದೂ, ಬಾಗಿಲು ಮಾತ್ರ ಬೇರೆ ಮಾಡಿಕೊಂಡು ಎರಡೂ ಕುಟುಂಬಗಳು ಒಂದೇ ಪಡಸಾಲೆಯಲ್ಲಿ ಮಾತಿಲ್ಲದೆ ಬದುಕಿದವೆಂದೂ ತಿಳಿಯಿತು. ಮುಳುಗಡೆಯ ಬಗ್ಗೆ ನೇರವಾಗಿ ಕೇಳಿದ್ದರೆ ಈ ಮಾತು ಎಂದಿಗೂ ಹೊರಬರುತ್ತಿರಲಿಲ್ಲ. ಜಲಾಶಯದ ಮಟ್ಟವನ್ನು 524.256 ಮೀಟರಿಗೆ ಏರಿಸುವ ಯೋಜನೆಯಲ್ಲಿ ಊರು ಕಳೆದುಕೊಳ್ಳಲಿರುವವರೂ ತರಗತಿಯಲ್ಲಿದ್ದರು. ಅವರ ಮನೆಗಳು ಇನ್ನೂ ನಿಂತಿರುವುದರಿಂದ ಟೇಪು ಹಿಡಿದು ಬಾಗಿಲು, ತೊಲೆ, ಕಟ್ಟೆಗಳನ್ನು ಅಳೆದುಕೊಂಡು ಬಂದಿದ್ದರು. ಬರಹದ ದೃಷ್ಟಿಯಿಂದ ನಮಗೆಲ್ಲ ಅಸೂಯೆಯಾಗುವಂಥ ಅನುಕೂಲ ಅದು, ಬೇರಾವ ದೃಷ್ಟಿಯಿಂದಲೂ ಅಲ್ಲ.

ಪ್ರಶ್ನೆ ಕೇಳುವ ಕ್ರಮವನ್ನೂ ಅಧ್ಯಾಪಕರು ಚೆನ್ನಾಗಿ ಕಲಿಸುತ್ತಾರೆ. ಹಿರಿಯರನ್ನು ಕುರ್ಚಿಯ ಮೇಲೆ ಕೂಡಿಸಿ, ಫೋನು ಎದುರಿಗಿಟ್ಟು, ನಿಮ್ಮ ಜೀವನದ ಬಗ್ಗೆ ಹೇಳ್ರಿ ಎಂದರೆ ಭಾಷಣ ಸಿಗುತ್ತದೆ. ರೊಟ್ಟಿ ಬಡಿಯುವಾಗ, ಕಾಳು ಹಸನು ಮಾಡುವಾಗ ಪಕ್ಕದಲ್ಲಿ ಕುಳಿತು ಕೇಳಿದರೆ ಕಥೆ ಸಿಗುತ್ತದೆ. ಒಂದೇ ಘಟನೆಯನ್ನು ಇಬ್ಬರಿಂದ ಬೇರೆಬೇರೆಯಾಗಿ ಕೇಳಬೇಕು ಮತ್ತು ಅವು ಹೊಂದಿಕೆಯಾಗದಿದ್ದರೆ ಎರಡನ್ನೂ ಬರಹದಲ್ಲಿ ಇಡಬೇಕು ಎಂಬುದು ಅವರ ಖಚಿತ ಅಭಿಪ್ರಾಯ. ಬಾಗಲಕೋಟೆಯ ಹೋಳಿ ಹುಣ್ಣಿಮೆಯ ಬಗ್ಗೆ ನಮ್ಮಲ್ಲಿ ಹಲವರು ಹಲಗೆಯ ಸದ್ದು, ಬಣ್ಣದ ಬಂಡಿಗಳ ಸಾಲು ಎಂದೇ ಆರಂಭಿಸಿದ್ದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಆ ದಿನ ನಿಮ್ಮ ಮನೀಯಿಂದ ಹೊರಗ ಹೋಗದವರು ಯಾರ್ರಿ?” ಆ ಪ್ರಶ್ನೆಗೆ ಉತ್ತರ ಬರೆದವರ ಪುಟಗಳು ಮೊದಲ ಬಾರಿಗೆ ಒಂದರಂತೆ ಇನ್ನೊಂದು ಇರಲಿಲ್ಲ.

ಕಾಲ ನಿರ್ಣಯದ ಪಾಠ ಇನ್ನೂ ದೀರ್ಘವಾಗಿದ್ದರೂ ನನಗೆ ಬೇಸರವಾಗುತ್ತಿರಲಿಲ್ಲ. ನಮ್ಮ ಹಿರಿಯರು ಇಸವಿ ಹೇಳುವುದಿಲ್ಲ, ಬರ ಹೇಳುತ್ತಾರೆ. 1972ರ ಬರ ಈ ಭಾಗದ ಅನೇಕ ಮನೆಗಳ ಪಂಚಾಂಗವೇ ಆಗಿದೆ, ಗುಳೆ ಹೋದದ್ದು, ಕಾಮಗಾರಿಯಲ್ಲಿ ಕಲ್ಲು ಒಡೆದದ್ದು, ಮದುವೆ ಮುಂದೂಡಿದ್ದು ಎಲ್ಲವೂ ಅದರ ಹಿಂದೆ ಅಥವಾ ಮುಂದೆ ನಿಲ್ಲುತ್ತವೆ. ಹಳೆಯ ಪತ್ರದ ವಿಳಾಸದಲ್ಲಿ ಮುಂಬೈ ರಾಜ್ಯವೆಂದಿದ್ದರೆ ಅದು 1956ರ ನವೆಂಬರಿಗಿಂತ ಮುಂಚಿನದಿರಬೇಕು. ಬಾಗಲಕೋಟೆ, ಜಿಲ್ಲಾ ವಿಜಾಪುರ ಎಂದಿದ್ದರೆ 1997ರಲ್ಲಿ ಜಿಲ್ಲೆ ಬೇರೆಯಾಗುವುದಕ್ಕೆ ಮುಂಚಿನದೆಂದು ಹೇಳಬಹುದು. ಆಣೆಯ ಲೆಕ್ಕದಲ್ಲಿ ಮಾತ್ರ ಎಚ್ಚರ ಬೇಕು. 1957ರ ಏಪ್ರಿಲ್ 1ರಂದು 16 ಆಣೆಯ ರೂಪಾಯಿ 100 ನಯಾಪೈಸೆಯ ರೂಪಾಯಿಯಾದರೂ 25, 50 ಪೈಸೆಗೆ ನಾಲ್ಕಾಣೆ, ಎಂಟಾಣೆ ಎಂಬ ಮಾತು ದಶಕಗಳವರೆಗೆ ಉಳಿಯಿತು. ಆದುದರಿಂದ ಅಜ್ಜಿ ಹೇಳಿದ ಬೆಲೆ ಮೂರಾಣೆಯೋ ಐದಾಣೆಯೋ ಆಗಿದ್ದರೆ ಅದು ಹಳೆಯ ಕಾಲದ ಸಂಗತಿಯೆಂದು ಹೆಚ್ಚು ಧೈರ್ಯದಿಂದ ಊಹಿಸಬಹುದು. ಶಾಲೆಯ ದಾಖಲೆಯ ಜನ್ಮದಿನಾಂಕವನ್ನು ಅವರು ನಂಬುವುದೇ ಇಲ್ಲ, ಏಕೆಂದರೆ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಗುರುಗಳ ಲೇಖನಿಯಿಂದ ಜೂನ್ 1ರಂದೇ ಹುಟ್ಟಿದವರು. ಹೊಲದ ಉತಾರಗಳು (ಪಹಣಿ ಪತ್ರಗಳು), ಹೆಳವರು ಮನೆಬಾಗಿಲಿಗೆ ಬಂದಾಗ ಓದಿ ಹೇಳುವ ವಂಶಾವಳಿ, ಇವೆರಡನ್ನೂ ಹೋಲಿಸಿ ನೋಡುವ ಅಭ್ಯಾಸ ಮಾಡಿಸಿದರು. ಹೆಳವರು ಒಕ್ಕಲು ಮನೆಗಳ ತಲೆಮಾರುಗಳನ್ನು ನೆನಪಿನಲ್ಲಿಯೂ ಬರಹದಲ್ಲಿಯೂ ಕಾಯ್ದುಕೊಂಡು ಬಂದವರಾದ್ದರಿಂದ, ಉತಾರದಲ್ಲಿ ಇಲ್ಲದ ಹೆಸರುಗಳು, ಯಾವ ಊರಿನಿಂದ ಬಂದು ನೆಲೆಸಿದೆವು ಎಂಬ ಸಂಗತಿ ಅವರಲ್ಲಿ ಸಿಗುವುದುಂಟು. ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದಗಳ ಬಗ್ಗೆ ಮಾತ್ರ ಪಾಠ ತೀರ ಮೇಲುಮೇಲಿನದಾಗಿತ್ತು. ಹಿಂದೆ ಮುಂಬೈ ಕರ್ನಾಟಕ ಎನ್ನುತ್ತಿದ್ದ ಈಗಿನ ಕಿತ್ತೂರು ಕರ್ನಾಟಕದ ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಅವು ಇರುವ ಸಾಧ್ಯತೆ ಹೆಚ್ಚಾಗಿರುವಾಗ ಓದಬಲ್ಲವರೊಬ್ಬರನ್ನು ಒಂದು ದಿನವಾದರೂ ಕರೆಸಬೇಕಿತ್ತು.

ಮನೆಯ ಗುಟ್ಟುಗಳ ವಿಷಯದಲ್ಲಿ ಅವರ ನಿಯಮ ಸರಳವಾಗಿದೆ: ಬದುಕಿರುವವರ ಬಗ್ಗೆ ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಬೇಕು.

ಇನ್ನು ಪುಸ್ತಕದ ಸೇವೆ. ತಿದ್ದುವವರು ಅಧ್ಯಾಪಕರಲ್ಲ, ಬೇರೊಬ್ಬರು. ಅವರು ತರಗತಿಯಲ್ಲಿ ಒಂದು ದಿನವೂ ಕುಳಿತಿಲ್ಲವೆಂಬುದು ಕರಡು ಕೈಗೆ ಬಂದಾಗಲೇ ಸ್ಪಷ್ಟವಾಯಿತು. ಆಯಿ ಹೇಳಿದ ಮಾತನ್ನು ನಾನು ಹೀಗೆ ಬರೆದುಕೊಟ್ಟಿದ್ದೆ: “ನೀರು ಬರತಾವ ಅಂತ ವರ್ಷಗಟ್ಟಲೆ ಹೇಳಿದ್ರು, ನಾವ್ಯಾರೂ ನಂಬಿದ್ದಿಲ್ಲ. ತೊಲಿ ಇಳಸಿದ ದಿನ ನಿಮ್ಮಜ್ಜ ಉಣ್ಣಲಿಲ್ಲ.” ಅದು ಅಚ್ಚಿನ ಕರಡಿನಲ್ಲಿ “ಮುಳುಗಡೆಯ ಸಂದರ್ಭದಲ್ಲಿ ನಮ್ಮ ಕುಟುಂಬವು ಅಪಾರ ನೋವನ್ನು ಅನುಭವಿಸಿತು” ಎಂದಾಗಿತ್ತು. ತೊಲೆ ಹೋಯಿತು, ಊಟ ಹೋಯಿತು, ಅಜ್ಜನೂ ಹೋದ. ಉಳಿದದ್ದು ಯಾವ ಊರಿನ ಯಾವ ಕುಟುಂಬಕ್ಕಾದರೂ ಒಪ್ಪುವ ಒಂದು ವಾಕ್ಯ. ವಾಟ್ನಿಯ ಜಗಳವನ್ನು ಮನೆತನದ ಗೌರವಕ್ಕೆ ತಕ್ಕದ್ದಲ್ಲವೆಂದು ಕೈಬಿಟ್ಟು, ಆ ಜಾಗದಲ್ಲಿ ಅಜ್ಜನ ದಾನಗುಣದ ವರ್ಣನೆಯನ್ನು ಸೇರಿಸಲಾಗಿತ್ತು. ಕಾಗುಣಿತ ತಿದ್ದಿಕೊಟ್ಟದ್ದಕ್ಕೆ ಕೃತಜ್ಞತೆಯಿದೆ, ಆದರೆ ಮಹಡಿಯ ಮೇಲೆ ವಾರಗಟ್ಟಲೆ ಹುಡುಕಲು ಕಲಿಸಿದ್ದನ್ನೆಲ್ಲ ಕೆಳಗಿನ ಮೇಜಿನ ಮೇಲೆ ಅಳಿಸಿಹಾಕುವ ಈ ಏರ್ಪಾಡು ನನಗೆ ಅರ್ಥವಾಗಲಿಲ್ಲ. ಹೇಳಿದಾಗ ನಾನು ಬರೆದದ್ದನ್ನೇ ಉಳಿಸಿಕೊಟ್ಟರು ಎಂಬುದನ್ನೂ ನ್ಯಾಯವಾಗಿ ಹೇಳಬೇಕು; ಆದರೆ ಕರಡನ್ನು ಸಾಲುಸಾಲಾಗಿ ಹೋಲಿಸಿ ನೋಡದವರ ಪುಸ್ತಕಗಳು ಹಾಗೆಯೇ ಅಚ್ಚಾದವು, ಮತ್ತು ಅವರಲ್ಲಿ ಕೆಲವರಿಗೆ ಅಚ್ಚಾದದ್ದೇ ಹೆಚ್ಚು ಇಷ್ಟವಾಯಿತು.

ಮಹಡಿಯ ಮೆಟ್ಟಿಲು ಕಡಿದಾಗಿರುವುದರಿಂದ ವಯಸ್ಸಾದವರನ್ನು ಕರೆದೊಯ್ಯುವುದು ಸುಲಭವಲ್ಲ. ಕೇಳಿಕೊಂಡರೆ ಕೆಳಗಿನ ಪಡಸಾಲೆಯಲ್ಲಿ ತರಗತಿ ನಡೆಸಲು ಅಧ್ಯಾಪಕರು ಒಪ್ಪುತ್ತಾರೆ. ಮನೆಯಲ್ಲಿ ಮಾತಾಡಬಲ್ಲ ಹಿರಿಯರಿರುವವರು ತರಗತಿಗೆ ಈ ವರ್ಷವೇ ಸೇರಿಕೊಳ್ಳುವುದು ಒಳ್ಳೆಯದು, ಹಿರಿಯರು ತೀರಿಕೊಂಡಿದ್ದು ಕಾಗದಪತ್ರಗಳಷ್ಟೇ ಉಳಿದವರಿಗೆ ಇದರ ಪ್ರಯೋಜನ ಅರ್ಧದಷ್ಟೇ ಆದೀತು. ಪುಸ್ತಕ ಬೇಕೇಬೇಕೆನ್ನುವವರು ತಿದ್ದುವ ಶುಲ್ಕವನ್ನು ಕೊಡದೆ, ತಮ್ಮ ಹಸ್ತಪ್ರತಿಯನ್ನು ಡಿಟಿಪಿ ಅಂಗಡಿಗೆ ನೇರವಾಗಿ ಒಯ್ದು, ಹಿರಿಯರ ಮಾತುಗಳನ್ನು ಬರೆದಂತೆಯೇ ಅಕ್ಷರ ಜೋಡಿಸಲು ಹೇಳಿ, ಕರಡನ್ನು ಆ ಹಿರಿಯರ ಮುಂದೆಯೇ ಗಟ್ಟಿಯಾಗಿ ಓದಿ ಒಪ್ಪಿಗೆ ಪಡೆದುಕೊಳ್ಳಲಿ.