64ನೇ ವಯಸ್ಸಲ್ಲಿ ಕೊಂಡ ಹಳೇ ಹಾಯಿದೋಣಿ: ವೆಸ್ಟರ್ಲಿ ಸೆಂಟಾರ್, ಎರಡು ವರ್ಷ ಬಳಸಿದ ಮೇಲೆ

ನನಗೆ 64 ತುಂಬಿದ ವರ್ಷ ನಾನೂ ನನ್ನ ಹೆಂಡತಿಯೂ ಸೇರಿ ಒಂದು ಸೆಕೆಂಡ್‌ಹ್ಯಾಂಡ್ ವೆಸ್ಟರ್ಲಿ ಸೆಂಟಾರ್ ಕೊಂಡೆವು. 26 ಅಡಿಯ ಫೈಬರ್‌ಗ್ಲಾಸ್ ದೋಣಿ. 1969ರಿಂದ 1980ರವರೆಗೆ ಎರಡು ಸಾವಿರಕ್ಕೂ ಜಾಸ್ತಿ ಕಟ್ಟಿದ್ದಾರೆ, ಹಾಗಾಗಿ ನಾಲ್ಕಾರು ನೋಡಿ ಆರಿಸೋಕೆ ಅವಕಾಶ ಇರುತ್ತೆ. ಎರಡು ವರ್ಷ ಆಯ್ತು, ನಮಗೆ ಈ ದೋಣಿ ತುಂಬಾ ಹಿಡಿಸಿದೆ.

ಮೊದಲು ನನ್ನ ಮನಸ್ಸಿದ್ದದ್ದು ಕಾಂಟೆಸ್ಸಾ 32 ಅನ್ನೋ ಇನ್ನೊಂದು ಹಾಯಿದೋಣಿ ಮೇಲೆ. 1979ರಲ್ಲಿ ಇಂಗ್ಲೆಂಡಿನ ಫಾಸ್ಟ್‌ನೆಟ್ ಅನ್ನೋ ಹಾಯಿದೋಣಿ ರೇಸಿನ ಬಿರುಗಾಳಿಯಲ್ಲಿ ಅತಿ ಚಿಕ್ಕ ದೋಣಿಗಳ ಗುಂಪಿನಲ್ಲಿ ಕೊನೆ ಮುಟ್ಟಿದ್ದು ಒಂದೇ ದೋಣಿ, ಅದು ಕಾಂಟೆಸ್ಸಾ 32. ಅಂಥ ದೋಣಿ ಯಾರಿಗೆ ಬೇಡ ಹೇಳಿ? ಆದರೆ ಒಳಗೆ ಇಳಿದು ಕೂತಾಗ ಇಕ್ಕಟ್ಟು ಅನ್ನಿಸಿತು. ನಮ್ಮದು ದಡದ ಹತ್ತಿರದಲ್ಲೇ ಮೆಲ್ಲಗೆ ಹೋಗಿ, ಸಂಜೆ ಲಂಗರು ಹಾಕಿ ಮಲಗುವ ಓಡಾಟ. ಅದಕ್ಕೆ ಬೇಕಾದದ್ದು ಬೇರೆ.

ಅಲ್ಲಿಂದ ಮುಂದೆ ದೋಣಿ ನೋಡೋಕೆ ಹೋದಾಗಲೆಲ್ಲ ನಮ್ಮ ಮೈಯನ್ನೇ ಅಳತೆಗೋಲು ಮಾಡಿಕೊಂಡೆವು. ಡಿಂಗಿ ಅನ್ನೋ ಪುಟ್ಟ ದೋಣಿಯಿಂದ ಹತ್ತಿ ನೋಡುವುದು, ಕ್ಯಾಬಿನ್ ಮೆಟ್ಟಿಲನ್ನು ಐದಾರು ಸಲ ಹತ್ತಿ ಇಳಿಯುವುದು, ಮೂತಿಯವರೆಗೆ ನಡೆದು ಹೋಗಿ ಲಂಗರಿನ ಸರಪಳಿ ಎಳೆಯುವುದು, ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಗೆ ಕೈ ಎಟುಕುತ್ತಾ ಅಂತ ಬಗ್ಗಿ ನೋಡುವುದು. ಮಾರುವವರು ವಿಚಿತ್ರವಾಗಿ ನೋಡುತ್ತಿದ್ದರು, ನೋಡಲಿ. ಮೊಣಕಾಲು ನೋಯುವ ದಿನ, ಅಲೆ ಇರುವಾಗ, ಇದೆಲ್ಲ ನಾವಿಬ್ಬರೇ ಮಾಡಬೇಕಲ್ವಾ?

ಸೆಂಟಾರ್ ಈ ಪರೀಕ್ಷೆಯಲ್ಲಿ ಗೆದ್ದಿತು. ಕಾಕ್‌ಪಿಟ್, ಅಂದರೆ ಕೂತು ದೋಣಿ ನಡೆಸುವ ತೆರೆದ ಜಾಗ, ಆಳವಾಗಿದೆ, ಕೂತರೆ ಬೆನ್ನಿಗೆ ಆಸರೆ ಇದೆ. 26 ಅಡಿಗೆ ಕ್ಯಾಬಿನ್ ದೊಡ್ಡದು. ದೊಡ್ಡ ವಿಷಯ ಅಂದರೆ ಕೆಳಗಿರುವ ಎರಡು ಕೀಲ್, ಅಂದರೆ ತಳದಿಂದ ನೀರೊಳಗೆ ಇಳಿಯುವ ಭಾರದ ರೆಕ್ಕೆಗಳು. ದೋಣಿಗೆ ಮೂರು ಅಡಿ ನೀರು ಸಾಕು, ಇಳಿತದಲ್ಲಿ ನೀರು ಪೂರ್ತಿ ಹೋದರೂ ಎರಡು ಕಾಲ ಮೇಲೆ ನೆಟ್ಟಗೆ ನಿಲ್ಲುತ್ತೆ. ತಳ ಉಜ್ಜಿ ಬಣ್ಣ ಹಚ್ಚೋಕೂ ಅಷ್ಟು ಹೊತ್ತು ಸಿಗುತ್ತೆ. ಕೊರತೆ ಏನಪ್ಪಾ ಅಂದ್ರೆ ಗಾಳಿಗೆ ಎದುರಾಗಿ ಹೋಗುವುದರಲ್ಲಿ ಇದು ಸ್ವಲ್ಪ ಹಿಂದೆ, ಪಕ್ಕಕ್ಕೆ ಜಾರುತ್ತೆ. ಎದುರುಗಾಳಿ ಇದ್ದ ದಿನ ನಾವು ಎಂಜಿನ್ ಹಾಕುತ್ತೇವೆ, ಇಲ್ಲಾಂದ್ರೆ ಇನ್ನೊಂದು ದಿನ ಅಲ್ಲೇ ಉಳಿಯುತ್ತೇವೆ.

ಕೊಳ್ಳುವ ಮುಂಚೆ ದೋಣಿ ಪರೀಕ್ಷಿಸುವ ಸರ್ವೇಯರನ್ನು ನೀವೇ ಗೊತ್ತುಮಾಡಿ, ಮಾರುವವರು ಹೇಳಿದವರು ಬೇಡ. ಅವರು ನೋಡುವಾಗ ದೋಣಿ ನೀರಿಂದ ಮೇಲೆ ಇರಬೇಕು. ನಮಗೆ ಬಂದವರು ಕೀಲ್ ತಳಕ್ಕೆ ಸೇರುವ ಜಾಗದಲ್ಲೇ ಅರ್ಧ ಗಂಟೆ ಕೂತರು, ಒಳಗಿಂದ ಹೊರಗಿಂದ ಬಿರುಕು ಹುಡುಕಿದರು, ಯಾಕಂದ್ರೆ ಸೆಂಟಾರಲ್ಲಿ ಮೊದಲು ನೋಡಬೇಕಾದ್ದೇ ಆ ಜಾಗ. ಅಲ್ಲಿ ಏನೂ ಇರಲಿಲ್ಲ. ಆಮೇಲೆ ಸೀಕಾಕ್ ಹತ್ತಿರ ಹೋಗಿ, ನೀರಿನ ದಾರಿ ತೆರೆದು ಮುಚ್ಚುವ ಆ ವಾಲ್ವನ್ನು ಚಾಕುವಿನ ತುದಿಯಿಂದ ಕೆರೆದು ನನ್ನನ್ನು ಕರೆದರು. ಹಳದಿ ಇರಬೇಕಾದ ಹಿತ್ತಾಳೆ ನಸುಗೆಂಪಾಗಿತ್ತು. ಉಪ್ಪುನೀರು ಸತುವನ್ನು ತಿಂದು ತಾಮ್ರ ಮಾತ್ರ ಬಿಟ್ಟಿದೆ, ಜೋರಾಗಿ ಒದ್ದರೆ ಮುರಿಯುತ್ತೆ ಅಂದರು. ಹಿಂದಿನ ಮಾಲೀಕರು ವರ್ಷಗಟ್ಟಲೆ ನೋಡೇ ಇರಲಿಲ್ಲ. ಮುರಿದಿದ್ದರೆ ದೋಣಿಯೇ ಮುಳುಗುತ್ತಿತ್ತು. ದೋಣಿಯಲ್ಲಿದ್ದ ಮೂರೂ ಸೀಕಾಕ್ ಬದಲಾಯಿಸಿ ಕಂಚಿನದು ಹಾಕಿಸಿದೆವು.

ಇನ್ನೊಂದು, ನೀವು ಹೋಗುವ ಮುಂಚೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಮೊದಲೇ ಹೇಳಿ. ಹೋದ ತಕ್ಷಣ ಕೈಯಿಟ್ಟು ನೋಡಿ. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತೆ ಅನ್ನೋದೇ ಮುಖ್ಯ. ಮಾಸ್ಟ್ (ಹಾಯಿ ಕಟ್ಟುವ ಕಂಬ) ಹಿಡಿದಿರುವ ಸ್ಟೀಲ್ ತಂತಿಗಳಿಗೆ ಎಷ್ಟು ವರ್ಷ ಆಗಿದೆ ಅಂತ ಕೇಳಿ, ಬಿಲ್ ತೋರಿಸಲಿ. ಹತ್ತು ವರ್ಷ ದಾಟಿದ್ದರೆ ಬದಲಾಯಿಸುವ ಖರ್ಚು ಲೆಕ್ಕಕ್ಕೆ ಹಿಡಿದೇ ಬೆಲೆ ಮಾತಾಡಿ.

ನಾವು ಆಮೇಲೆ ಸೇರಿಸಿದ್ದು ಮೂರು. ಕಾಕ್‌ಪಿಟ್‌ನಿಂದಲೇ ಹಗ್ಗ ಎಳೆದು ಸುತ್ತುವ ಮುಂದಿನ ಹಾಯಿ, ಸರಪಳಿ ಎಳೆಯೋಕೆ ಒಂದು ಎಲೆಕ್ಟ್ರಿಕ್ ವಿಂಚ್, ಮತ್ತು ಏಣಿ. ಹಳೇ ಏಣಿಯನ್ನು ಒಂದು ಶಾಂತವಾದ ದಿನ ಬಟ್ಟೆ, ಲೈಫ್ ಜಾಕೆಟ್ ಸಮೇತ ನೀರಿಗಿಳಿದು ಪರೀಕ್ಷಿಸಿದೆವು. ನನ್ನ ಹೆಂಡತಿಗೆ ಹತ್ತೋಕೇ ಆಗಲಿಲ್ಲ, ಕೊನೆಯ ಮೆಟ್ಟಿಲು ನೀರಿನ ಮಟ್ಟದಲ್ಲೇ ಇತ್ತು. ನಾನೂ ನೀರಿನಲ್ಲೇ ಇದ್ದೆ, ಕೆಳಗಿಂದ ದೂಕಿದರೂ ಆಗಲಿಲ್ಲ, ಆಗ ನಿಜವಾಗಿ ಭಯವಾಯ್ತು. ಹೊಸದರಲ್ಲಿ ಮೂರು ಮೆಟ್ಟಿಲು ನೀರೊಳಗೆ ಇಳಿಯುತ್ತವೆ, ನೀರಿನಿಂದಲೇ ಕೈಗೆ ಸಿಗುವ ಹಗ್ಗ ಎಳೆದರೆ ಏಣಿ ಕೆಳಗೆ ಬರುತ್ತೆ. ಈಗ ಅವಳು ಯಾರ ಸಹಾಯವೂ ಇಲ್ಲದೆ ಹತ್ತಿ ಬರುತ್ತಾಳೆ.