ರಾಜ್ಯ ನ್ಯಾಯಾಲಯವೋ, ಫೆಡರಲ್ ನ್ಯಾಯಾಲಯವೋ?

2015ಕ್ಕಿಂತ ಮೊದಲು ಅಮೆರಿಕದಲ್ಲಿ ಸಲಿಂಗ ವಿವಾಹ ನಿಷೇಧವನ್ನು ಪ್ರಶ್ನಿಸಬಯಸಿದ ಜೋಡಿ ರಾಜ್ಯ ಮತ್ತು ಫೆಡರಲ್ (ಕೇಂದ್ರ) ನ್ಯಾಯಾಲಯಗಳಲ್ಲಿ ಯಾವುದನ್ನು ಆರಿಸಬೇಕಿತ್ತು ಎಂದು ಕಾನೂನು ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ಆಯ್ಕೆ ಬಹುಮಟ್ಟಿಗೆ ನಿಷೇಧ ಎಲ್ಲಿ ಬರೆಯಲ್ಪಟ್ಟಿತ್ತು ಎಂಬುದರ ಮೇಲೆ ನಿಂತಿತ್ತು.

ನಿಷೇಧ ಬರೀ ಶಾಸನದಲ್ಲಿದ್ದರೆ ರಾಜ್ಯ ನ್ಯಾಯಾಲಯವೇ ಲೇಸು. ಅಲ್ಲಿ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನವಿದೆ; ಅದನ್ನೇ ಆಧರಿಸಿದ ತೀರ್ಪನ್ನು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟ್ ಬದಲಿಸಲಾರದು. ಸಲಿಂಗ ವಿವಾಹಕ್ಕೆ ಅವಕಾಶ ಕೊಟ್ಟ ಮ್ಯಾಸಚೂಸೆಟ್ಸ್‌ನ 2003ರ ತೀರ್ಪು ಹಾಗೆಯೇ ಉಳಿಯಿತು. ಆದರೆ ಮತದಾರರು ಬದಲಿಸಬಲ್ಲರು: ಕ್ಯಾಲಿಫೋರ್ನಿಯಾದಲ್ಲಿ 2008ರ ಮೇ ತಿಂಗಳಲ್ಲಿ ದೊರೆತ ಹಕ್ಕನ್ನು ನವೆಂಬರಿನ ಜನಮತ ಕಿತ್ತುಕೊಂಡಿತು. ಅಯೋವಾದಲ್ಲಿ 2009ರಲ್ಲಿ ಅಂಥದೇ ತೀರ್ಪಿತ್ತವರಲ್ಲಿ ಮೂವರು ನ್ಯಾಯಮೂರ್ತಿಗಳು ಮರುವರ್ಷದ ಮತದಾನದಲ್ಲಿ ಸ್ಥಾನವನ್ನೇ ಕಳೆದುಕೊಂಡರು. ಆಜೀವ ನೇಮಕದ ಫೆಡರಲ್ ನ್ಯಾಯಾಧೀಶರಿಗೆ ಆ ಭಯವಿರಲಿಲ್ಲ.

ನಿಷೇಧ ರಾಜ್ಯ ಸಂವಿಧಾನದಲ್ಲೇ ಸೇರಿದ್ದರೆ ಫೆಡರಲ್ ನ್ಯಾಯಾಲಯವೇ ಪ್ರಾಯೋಗಿಕ ದಾರಿ, ಏಕೆಂದರೆ ಕಾನೂನಿನ ಸಮಾನ ರಕ್ಷಣೆಯನ್ನು ಖಾತ್ರಿಪಡಿಸುವ, ದೇಶದ ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿ ರಾಜ್ಯ ಸಂವಿಧಾನಕ್ಕಿಂತ ಮೇಲಿನದು. ತೊಡಕೆಂದರೆ, 1972ರಲ್ಲಿ ಮಿನ್ನೆಸೋಟದ ಸಲಿಂಗ ಜೋಡಿಯೊಂದರ ವಿವಾಹ ಪ್ರಕರಣವನ್ನು ಗಣನೀಯ ಫೆಡರಲ್ ಪ್ರಶ್ನೆಯಿಲ್ಲವೆಂದು ಸುಪ್ರೀಂ ಕೋರ್ಟ್ ಒಂದೇ ಸಾಲಿನಲ್ಲಿ ವಜಾಗೊಳಿಸಿತ್ತು. ಆ ಸಾಲು ನಾಲ್ಕು ದಶಕ ಕೆಳ ನ್ಯಾಯಾಲಯಗಳ ಮುಂದೆ ಅಡ್ಡಗೋಡೆಯಾಗಿತ್ತು. ವಿವಾಹವೆಂದರೆ ಗಂಡು-ಹೆಣ್ಣಿನದು ಮಾತ್ರ ಎಂದಿದ್ದ ಫೆಡರಲ್ ಕಾನೂನನ್ನು ಸುಪ್ರೀಂ ಕೋರ್ಟ್ ರದ್ದುಗೊಳಿಸಿದ 2013ರ ವಿಂಡ್ಸರ್ ತೀರ್ಪಿನ ಬಳಿಕವೇ ಅದು ಸಡಿಲವಾಯಿತು.

ವೇಗಕ್ಕೂ ಖಾತ್ರಿಯಿರಲಿಲ್ಲ. ಯೂಟಾದಲ್ಲಿ 2013ರ ಡಿಸೆಂಬರ್ 20ರಂದು ಬಿದ್ದ ನಿಷೇಧಕ್ಕೆ ಹದಿನೇಳೇ ದಿನಗಳಲ್ಲಿ ತಡೆಯಾಜ್ಞೆಯ ಮೂಲಕ ಮರುಜೀವ ಬಂತು. ಸೋತರೆ ನಷ್ಟವೂ ದೊಡ್ಡದು: 2014ರ ನವೆಂಬರಿನಲ್ಲಿ ಆರನೆಯ ಸರ್ಕ್ಯೂಟ್ (ಹಲವು ರಾಜ್ಯಗಳ ಮೇಲೆ ಅಧಿಕಾರವಿರುವ ಫೆಡರಲ್ ಮೇಲ್ಮನವಿ ನ್ಯಾಯಾಲಯ) ನೀಡಿದ ಒಂದೇ ತೀರ್ಪು ಮಿಷಿಗನ್, ಒಹಾಯೊ, ಕೆಂಟಕಿ, ಟೆನೆಸೀ ನಾಲ್ಕರಲ್ಲೂ ನಿಷೇಧವನ್ನು ಉಳಿಸಿತು. ಗೆದ್ದರೆ ಲಾಭ ಇನ್ನೂ ದೊಡ್ಡದು. ಅದೇ ಪ್ರಕರಣಗಳ ಮೇಲ್ಮನವಿಯಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ 2015ರ ಜೂನ್ 26ರಂದು ಐದಕ್ಕೆ ನಾಲ್ಕರ ಬಹುಮತದಿಂದ ದೇಶದ ಎಲ್ಲ ನಿಷೇಧಗಳೂ ಬಿದ್ದವು.